ಹಳೇ ಹಾಡು ಸವೆಯದೇ ಇದ್ದರೆ ಹೊಸ ಹಾಡು ಹುಟ್ಟೋದು ಹೇಗೆ?

ಸವೆದ ರೀಲು

ಈ ಚರ್ಚೆಯನ್ನ ಒಂದು ಕಾರ್ಡ್‌ನ, ಅಂದರೆ ಒಟ್ಟಿಗೆ ನುಡಿಸೋ ಮೂರ್ನಾಲ್ಕು ಸ್ವರಗಳ ಗುಂಪಿನ, ಕಥೆ ಹೇಳಿ ಶುರು ಮಾಡ್ತೀನಿ.

ಒಂಬತ್ತು ವರ್ಷ ಒಂದು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಿದವನು ನಾನು. ಬೇರೆಯವರ ಹಾಡು ಹಾಡುವ ಬ್ಯಾಂಡು, ಅದರಲ್ಲಿ ನಾಚಿಕೆಯೇನಿಲ್ಲ. ಆಗ ಹಾಡು ಕಲಿಯೋದು ಅಂದರೆ ಕ್ಯಾಸೆಟ್ ಹಾಕು, ಎರಡು ಸಾಲು ಕೇಳು, ನಿಲ್ಲಿಸು, ಹಿಂದಕ್ಕೆ ಸುತ್ತು, ಮತ್ತೆ ಕೇಳು. ಅಂಥ ಒಂದು ಹಾಡಿನ ಪಲ್ಲವಿಯಲ್ಲಿ ಮೂರನೇ ಕಾರ್ಡ್ ಎ ಮೈನರ್ ಅಂತ ಪುಸ್ತಕದಲ್ಲಿ ಬರೆದುಕೊಂಡೆ. ಒಂಬತ್ತು ವರ್ಷವೂ ಹಾಗೇ ನುಡಿಸಿದ್ವಿ, ಯಾರೂ ತಕರಾರು ಮಾಡಲಿಲ್ಲ. ಆ ಎ ಮೈನರ್ ಗುಂಗಿನಲ್ಲೇ ನಾನೊಂದು ಸ್ವಂತ ಟ್ಯೂನ್ ಕೂಡ ಕಟ್ಟಿದೆ. ನನ್ನ ಪಾಲಿಗೆ ಅದೊಂದೇ ನೆಟ್ಟಗಿರೋ ಟ್ಯೂನ್.

ಮೊನ್ನೆ ಅದೇ ಹಾಡಿನ ರೀಮಾಸ್ಟರ್, ಅಂದರೆ ದನಿ ತಿದ್ದಿ ಚೊಕ್ಕಟ ಮಾಡಿದ ಆವೃತ್ತಿ, ಬಂತು. ಹೆಡ್‌ಫೋನ್ ಹಾಕಿಕೊಂಡು ಕೇಳ್ತೀನಿ, ಆ ಜಾಗದಲ್ಲಿ ಬೇಸ್ ಗಿಟಾರ್ ಎಫ್ ಮೇಲೆ ಕೂತಿದೆ! ಮೇಲಿರೋದು ಎ, ಸಿ, ಇ. ಕೆಳಗೆ ಎಫ್ ಸೇರಿದರೆ ಅದು ಎ ಮೈನರ್ ಅಲ್ಲವೇ ಅಲ್ಲ, ಎಫ್ ಮೇಜರ್ ಸೆವೆಂತ್. ಬೇರೆಯದೇ ಬಣ್ಣ, ಬೇರೆಯದೇ ಬಿಸಿಲು.

ಸಿಟ್ಟು ಬರಲಿಲ್ಲ, ಒಂಥರಾ ಪಿಚ್ಚೆನಿಸಿತು. ಮೊದಲ ದಿನವೇ ಆ ಎಫ್ ಕೇಳಿಸಿದ್ದರೆ ನನ್ನ ಟ್ಯೂನ್ ಹುಟ್ಟುತ್ತಲೇ ಇರಲಿಲ್ಲ.

ಪಾಪ್ ಸಂಗೀತ ಹಿಂದಿನವರಿಂದ ಕದಿಯೋದು ಹೊಸದೇನಲ್ಲ. ಆದರೆ ಕದ್ದ ಮಾಲು ಮೊದಲೆಲ್ಲ ಅರ್ಧಂಬರ್ಧ ಕೈಗೆ ಬರ್ತಿತ್ತು. 1960ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಹುಡುಗರು ಅಮೆರಿಕದ ಕರಿಯರ ಬ್ಲೂಸ್ ಹಾಡೋಕೆ ಹೊರಟರು. ಆ ಬದುಕು ಕಂಡವರಲ್ಲ, ಕೈಯಲ್ಲಿದ್ದದ್ದು ಬೆರಳೆಣಿಕೆಯ ಎಲ್‌ಪಿಗಳು. ತಪ್ಪುತಪ್ಪಾಗಿ ಹಾಡಿದರು, ಆ ತಪ್ಪೇ ರೋಲಿಂಗ್ ಸ್ಟೋನ್ಸ್ ಅನ್ನೋ ತಂಡ ಆಯ್ತು. ಈಗಿನ ಹುಡುಗರಿಗೆ ಹಿಂದಿನದೆಲ್ಲ ಇದ್ದದ್ದು ಇದ್ದ ಹಾಗೇ ಸಿಗುತ್ತೆ, ಒಂದು ಗೀಚೂ ಇಲ್ಲದೆ. ಹೊಸ ಹಾಡು ಕೇಳಿದಾಗೆಲ್ಲ "ಇದನ್ನ ಎಲ್ಲೋ ಕೇಳಿದ್ದೀನಲ್ಲ" ಅನಿಸೋಕೆ ಅದೇ ಕಾರಣ ಇರಬಹುದಾ? ಸಂಗೀತಕ್ಕೆ ಸ್ವಲ್ಪ ಮರೆವು ಬೇಕಲ್ಲವಾ?

(ಹಾಡಿನ ಹೆಸರು ಕೇಳಬೇಡಿ. ಹೇಳಿದರೆ ಜಗಳ ಅದರ ಮೇಲೇ ತಿರುಗುತ್ತೆ.)

ಮೊಂಡುಗತ್ತಿ

"ಈಗಿನ ಹಾಡು ಹಳೇದರ ನಕಲು" ಅನ್ನೋ ಮಾತಿಗೆ ಹಾಡಿನಷ್ಟೇ ವಯಸ್ಸಾಗಿದೆ ಸ್ವಾಮಿ.

1969ರಲ್ಲಿ ಅಮೆರಿಕದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವ ತಗೊಳ್ಳಿ. ಹೊಸ ಯುಗವೇ ಶುರುವಾಯ್ತು ಅಂತ ಎಲ್ಲರೂ ಹೇಳೋ ಜಾಗ. ಕೊನೆಯ ದಿನ ಬೆಳಗ್ಗೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬರೋಕೆ ಸ್ವಲ್ಪ ಮುಂಚೆ ಅದೇ ವೇದಿಕೆ ಮೇಲೆ ಯಾರಿದ್ದರು? ಶಾ ನಾ ನಾ. ತಲೆಗೆ ಎಣ್ಣೆ ಮೆತ್ತಿಕೊಂಡು, ಮಿರಿಮಿರಿ ಬಟ್ಟೆ ಹಾಕಿಕೊಂಡು 1950ರ ದಶಕದ ಹಾಡು ಹಾಡಿ ಕುಣಿಯೋ ತಂಡ. ಅವರು ಅವತ್ತು ಹಾಡಿದ "ಅಟ್ ದ ಹಾಪ್" 1957ರದು. ಅಂದರೆ ಹನ್ನೆರಡೇ ವರ್ಷಕ್ಕೆ ಆ ಹಾಡು ಅವರಿಗೆ "ಆ ಕಾಲದ್ದು" ಆಗಿಹೋಗಿತ್ತು. ಕ್ರಾಂತಿ ನಡೀತಿರೋ ಜಾಗದಲ್ಲೇ ಹಳಹಳಿಕೆಯ ಅಂಗಡಿ ತೆರೆದಿತ್ತು.

ಹಿಂದೆ ತಿರುಗಿ ನೋಡದ ಪಾಪ್ ಒಂದಿತ್ತು ಅನ್ನೋದೇ ದೊಡ್ಡ ಹಳಹಳಿಕೆ. ಒಳ್ಳೇ ಕಾಲ ಯಾವಾಗಲೂ ಹೇಳುವವರ ಹದಿನಾರನೇ ವಯಸ್ಸಿಗೇ ಮುಗಿದಿರುತ್ತೆ, ಗಮನಿಸಿದ್ದೀರಾ?

ಕರಿತಟ್ಟೆ

ಮೊಂಡುಗತ್ತಿಯವರು ಬೆಳಬೆಳಗ್ಗೆನ ಹರಿತ ಆಗ್ಯಾರ.

ನಾ ಎಲ್‌ಪಿ ಕೂಡಿಸಿ ಇಡಾಂವ, ಅದಕ್ಕ ಒಂದ ಮಾತು. 2022ರಾಗ ಅಮೆರಿಕಾದಾಗ ಸಿಡಿಗಿಂತ ಎಲ್‌ಪಿ ತಟ್ಟೀನ ಹೆಚ್ಚ ಮಾರ್ಯಾವ. 1987ರ ನಂತರ ಇದ ಮೊದಲ ಸಲ. ಅಂದ್ರ ಮಂದಿಗೆ ಗೀಚು ಬೇಕಾಗೇದ. ರೀಲು ಅವರು ಹೇಳೂ ಆ ಗೀಚನ್ನ ಈಗ ರೊಕ್ಕಾ ಕೊಟ್ಟು ತಗೊಳ್ಳಾಕತ್ತಾರ, ಅಷ್ಟರಿ.

ಹನ್ನೆರಡು ಬಿಟ್

ರೀಲು ಸಾರ್, ನಿಮ್ಮ ಮಾತಿಗೆ ನನ್ನ ಹತ್ತಿರ ಇನ್ನೂ ಗಟ್ಟಿ ಸಾಕ್ಷಿ ಇದೆ. ನಾನು ಬೀಟ್ ಮಾಡೋನು, ಹೆಸರಲ್ಲೇ ಗೊತ್ತಾಗುತ್ತೆ.

ಇ-ಮು ಕಂಪನಿ 1987ರಲ್ಲಿ ಎಸ್‌ಪಿ-1200 ಅಂತ ಒಂದು ಸ್ಯಾಂಪ್ಲರ್ ತಂತು, ದನಿಯ ತುಣುಕು ಹಿಡಿದಿಟ್ಟು ನುಡಿಸೋ ಡಬ್ಬ. 12 ಬಿಟ್, 26 ಕಿಲೋಹರ್ಟ್ಜ್ ಚಿಲ್ಲರೆ, ಅಂದರೆ ಒರಟು ದನಿ. ಅದರ ನೆನಪಿನ ಶಕ್ತಿ ಎಷ್ಟು ಗೊತ್ತಾ? ಒಟ್ಟು 10 ಸೆಕೆಂಡು! ಅದರಲ್ಲೂ ಒಂದೊಂದು ತುಣುಕಿಗೆ ಎರಡೂವರೆ ಸೆಕೆಂಡಿಗಿಂತ ಹೆಚ್ಚಿಲ್ಲ. ಹಳೇ ಎಲ್‌ಪಿಯಿಂದ ಒಂದು ಡ್ರಮ್ ತುಣುಕು ಎತ್ತಬೇಕು, ಅದು ನಾಲ್ಕು ಸೆಕೆಂಡ್ ಇದೆ, ಡಬ್ಬದಲ್ಲಿ ಹಿಡಿಸಲ್ಲ. ಹಿಪ್‌ಹಾಪ್ ಹುಡುಗರು ಏನು ಮಾಡಿದರು ಅಂದರೆ ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನ 45ರಲ್ಲಿ ತಿರುಗಿಸಿದರು. ಹಾಡು ಗುಬ್ಬಚ್ಚಿ ಹಾಗೆ ಕೀಚಲಾಗಿ ಓಡಿತು, ನಾಲ್ಕು ಸೆಕೆಂಡಿನದು ಮೂರಾಯ್ತು. ಸಾಲದಿದ್ದರೆ 78ಕ್ಕೆ ಏರಿಸಿದರು. ಡಬ್ಬದೊಳಗೆ ಹೋದ ಮೇಲೆ ಶ್ರುತಿ ಇಳಿಸಿ ಮತ್ತೆ ನಿಧಾನ ಮಾಡಿದರು. ಮೂಲದ ವೇಗ ವಾಪಸ್ ಬಂತು, ಮೂಲದ ದನಿ ಮಾತ್ರ ಬರಲಿಲ್ಲ. ಅಂಚೆಲ್ಲ ಹರಿದು, ಮರಳು ಉಜ್ಜಿದ ಹಾಗೆ ಆಗಿತ್ತು. ನಾವು "ಆ ಕಾಲದ ಹಿಪ್‌ಹಾಪ್ ಸೌಂಡ್" ಅಂತ ಪ್ರಾಣ ಬಿಡೋದು ಆ ಮರಳಿಗೇ.

ಜಾಗ ಇಲ್ಲದೆ ಮಾಡಿಕೊಂಡ ಉಪಾಯ ಅದು. ಇವತ್ತು ಅದೇ ಮರಳನ್ನ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಮಾಡಿ ಇಟ್ಟಿದ್ದಾರೆ, ತಿರುಗಿಸಿದರೆ ಸಾಕು. ನಾನೂ ತಿರುಗಿಸ್ತೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನ ತಿರುಗಿಸುವಾಗ ನನಗೆ ಯಾವ ಕಷ್ಟವೂ ಇರಲ್ಲ, ಹಾಗಾಗಿ ಅದರಿಂದ ನನಗೇ ಗೊತ್ತಿಲ್ಲದ್ದು ಏನೂ ಹೊರಗೆ ಬರಲ್ಲ.

ಎಂಬತ್ತರ ದಶಕದ ಆ ಗುಡುಗಿನಂಥ ಡ್ರಮ್ಮೂ ಹೀಗೇ ಆಕಸ್ಮಿಕ. ಪೀಟರ್ ಗೇಬ್ರಿಯಲ್‌ನ ಮೂರನೇ ಆಲ್ಬಂ ಕೆಲಸದಲ್ಲಿ ಫಿಲ್ ಕಾಲಿನ್ಸ್ ಡ್ರಮ್ ಬಾರಿಸ್ತಿದ್ದಾಗ, ಮಾತು ಕೇಳಿಸಿಕೊಳ್ಳೋಕೆ ಅಂತ ಕೋಣೆಯಲ್ಲಿ ತೂಗುಹಾಕಿದ್ದ ಮೈಕು ತೆರೆದಿತ್ತು. ಅದರ ಕಂಪ್ರೆಸರ್ ದನಿಯನ್ನ ಹಿಂಡಿ ಎತ್ತಿತು, ಗೇಟ್ ಅನ್ನೋ ಸಾಧನ ಅದನ್ನ ಪಟ್ ಅಂತ ಕತ್ತರಿಸ್ತು. ಇಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಕಿವಿ ನಿಮಿರಿತು. ಗೇಟೆಡ್ ರಿವರ್ಬ್ ಅಂತ ಈಗ ಪ್ರತಿ ಕೀಬೋರ್ಡಿನಲ್ಲೂ ಇರೋದು ಆ ಒಂದು ದಿನದ ಪುಣ್ಯ. ಅವತ್ತು ಅವರು ಯಾವ ಹಳೇ ಸೌಂಡನ್ನೂ ಹುಡುಕ್ತಿರಲಿಲ್ಲ ಅನ್ನೋದನ್ನ ನೋಡಿ.

ಲೆಕ್ಕಪುಸ್ತಕ

ಎಲ್ಲರೂ ದನಿಯ ಬಗ್ಗೆ ಹೇಳ್ತಿದ್ದೀರಿ, ದುಡ್ಡಿನ ಕಡೆಯಿಂದ ನಾನೊಂದು ಹೇಳಿಬಿಡ್ತೀನಿ.

ಅಮೆರಿಕದಲ್ಲಿ ಜನ ಕೇಳೋ ಸಂಗೀತದಲ್ಲಿ ಸುಮಾರು 70% ಹಳೇದು ಅನ್ನೋ ಅಂಕಿ 2021ರ ಹೊತ್ತಿಗೆ ಎಲ್ಲ ಕಡೆ ಓಡಾಡಿತು. ಹೊಸ ಸಂಗೀತ ಸತ್ತೇಹೋಯ್ತು ಅಂತ ಗೋಳಾಡಿದರು. ಆದರೆ ಆ ಲೆಕ್ಕದಲ್ಲಿ "ಹಳೇದು" ಅಂದರೆ ಎಷ್ಟು ಹಳೇದು? 18 ತಿಂಗಳು. ಒಂದೂವರೆ ವರ್ಷದ ಮಗುವಿಗೆ ಅಜ್ಜನ ಪಟ್ಟ! ಬೀಟಲ್ಸ್ ಹಾಡೂ ಆ 70ರೊಳಗೇ, ವರ್ಷದ ಹಿಂದಿನ ವರ್ಷ ಬಂದ ಹಾಡೂ ಅದರೊಳಗೇ.

ಬ್ರಿಟನ್ನಿನ ಚಾರ್ಟ್ ಇನ್ನೂ ಮಜ. ಹಳೇ ಹಾಡುಗಳು ಪಟ್ಟಿಯಲ್ಲಿ ಬೀಡುಬಿಟ್ಟು ಹೊಸಬರಿಗೆ ಜಾಗ ಇಲ್ಲದಂತೆ ಮಾಡಬಾರದು ಅಂತ ಅಲ್ಲಿ ನಿಯಮವೇ ಇದೆ. ಹಳೇ ಹಾಡನ್ನ ಎರಡು ಸಲ ಕೇಳಿದರೆ ಒಂದು ಸಲ ಅಂತ ಲೆಕ್ಕ ಹಿಡೀತಾರೆ. 2022ರಲ್ಲಿ ಗಾಯಕಿ ಕೇಟ್ ಬುಷ್‌ನ "ರನ್ನಿಂಗ್ ಅಪ್ ದಟ್ ಹಿಲ್" ಒಂದು ಟಿವಿ ಸರಣಿಯಿಂದಾಗಿ ಎದ್ದು ಬಂತಲ್ಲ, ಆಗ ಆ ಕಡಿತವನ್ನ ಆ ಹಾಡಿಗಾಗಿ ತೆಗೆದರು. ಆಮೇಲೇ ಅದು ಮೊದಲ ಸ್ಥಾನಕ್ಕೆ ಹೋಗಿದ್ದು. 1985ರಲ್ಲಿ ಮೂರನೇ ಸ್ಥಾನಕ್ಕೇ ನಿಂತಿದ್ದ ಹಾಡು, ಹೆಚ್ಚುಕಮ್ಮಿ 37 ವರ್ಷದ ನಂತರ. ಯಾವುದು ಹಳೇದು, ಯಾವುದು ಹೊಸದು ಅನ್ನೋದನ್ನ ಕಿವಿ ತೀರ್ಮಾನಿಸುತ್ತೆ ಅಂದುಕೊಂಡಿದ್ದೀರಿ, ತೀರ್ಮಾನಿಸೋದು ಕಚೇರಿಯಲ್ಲಿ.

ನನ್ನ ಪ್ರಕಾರ ಬದಲಾಗಿರೋದು ಇದು. ಹಳೇ ಹಾಡು ಈಗ ಆಸ್ತಿ. 2018ರಲ್ಲಿ ಹಿಪ್‌ನೋಸಿಸ್ ಅನ್ನೋ ನಿಧಿ ಹಾಡಿನ ಹಕ್ಕುಗಳನ್ನ ಕೊಂಡು ಗುಡ್ಡೆ ಹಾಕೋಕೆ ಅಂತ ಲಂಡನ್ ಷೇರುಪೇಟೆಗೇ ಇಳಿಯಿತು. 2020ರಲ್ಲಿ ಬಾಬ್ ಡಿಲನ್ ತನ್ನ ಹಾಡುಗಳ ಹಕ್ಕನ್ನ ಯೂನಿವರ್ಸಲ್ ಸಂಗೀತ ಕಂಪನಿಗೆ ಮಾರಿದ. 2021ರಲ್ಲಿ ಸ್ಪ್ರಿಂಗ್‌ಸ್ಟೀನ್ ತನ್ನದನ್ನೆಲ್ಲ ಸೋನಿಗೆ ಕೊಟ್ಟ, ಪತ್ರಿಕೆಗಳು ಬರೆದ ಮೊತ್ತ ಸುಮಾರು 50 ಕೋಟಿ ಡಾಲರ್. ಅಷ್ಟು ಸುರಿದವನು ಸುಮ್ಮನೆ ಕೂರ್ತಾನಾ? ಆ ಹಾಡು ಜಾಹೀರಾತಿಗೆ ಹೋಗಬೇಕು, ಸಿನಿಮಾಗೆ ಹೋಗಬೇಕು, ಹೊಸ ಹಾಡಿನ ಪಲ್ಲವಿಯೊಳಗೆ ತುರುಕಬೇಕು. ಹೊಲ ಕೊಂಡವನು ಬೀಳು ಬಿಡಲ್ಲ. ಅರಿಯಾನಾ ಗ್ರಾಂಡೆಯ 2019ರ "ಸೆವೆನ್ ರಿಂಗ್ಸ್" ಹಾಡಿನಲ್ಲಿ ಒಂದು ಹಳೇ ಸಂಗೀತನಾಟಕದ ಧಾಟಿ ಇದೆ, ಹಾಡು ಬರೆದದ್ದಕ್ಕೆ ಬರೋ ಗೌರವಧನದಲ್ಲಿ 90% ಹೋಗೋದು ಆ ಹಳೇ ಧಾಟಿಯವರ ಕಡೆಗೆ. ಮರೆವು ಬೇಕು ಅಂತೀರಲ್ಲ ರೀಲು ಅವರೇ, ನಿಮ್ಮ ಮರೆವಿಂದ ಯಾರಿಗೆ ಲಾಭ ಹೇಳಿ. ನೆನಪಿಸೋಕೆ ಸಂಬಳ ತಗೊಳ್ಳೋ ಜನ ಕೂತಿದ್ದಾರೆ.

ಇನ್ನೂ ಹತ್ತೊಂಬತ್ತು

ಮೊದಲ ಸಲ ಬರೀತಿದ್ದೀನಿ, ಬೈಬೇಡಿ.

ನೀವೆಲ್ಲ "ಎದ್ದು ಬಂತು", "ವಾಪಸ್ ಬಂತು" ಅಂತೀರಿ. ಕೇಟ್ ಬುಷ್ ಹಾಡು ನನ್ನ ಪಾಲಿಗೆ ಎಲ್ಲಿಂದಲೂ ವಾಪಸ್ ಬರಲಿಲ್ಲ, ಬಂತು ಅಷ್ಟೇ. ಅದೇ ವಾರ ಬಂದ ಬೇರೆ ಹಾಡುಗಳ ಪಕ್ಕದಲ್ಲೇ ಕೇಳಿದೆ, ಅವುಗಳಿಗಿಂತ ವಿಚಿತ್ರವಾಗಿತ್ತು, ಅದಕ್ಕೇ ಇಷ್ಟವಾಯ್ತು. 1985ರದು ಅಂತ ಗೊತ್ತಾಗಿದ್ದು ಆಮೇಲೆ. ನಾನು ಹುಟ್ಟೋಕೆ ಮುಂಚಿನದನ್ನ ನೆನೆಸಿಕೊಂಡು ನಾನು ಹಳಹಳಿಸೋದು ಹೇಗೆ?

ಜಪಾನಿನ ಸಿಟಿ ಪಾಪ್ ಅನ್ನೋ ಶೈಲಿಯ ಹಾಡುಗಳೂ ಹಾಗೇ. ಮಿಕಿ ಮತ್ಸುಬಾರಾ ಅವರ "ಮಯೋನಾಕಾ ನೋ ಡೋರ್" 1979ರ ಹಾಡು. 2020ರ ಕೊನೆಗೆ ಫೋನಿನಿಂದ ಫೋನಿಗೆ ಹಾರಿ ಜಪಾನೀ ಭಾಷೆ ಒಂದಕ್ಷರ ಬರದವರೆಲ್ಲ ಗುನುಗಿದರು. ನಾನೂ ಗುನುಗಿದೆ. ಆ ಹಾಡು ಹಾಡಿದವರು 2004ರಲ್ಲೇ ತೀರಿಹೋಗಿದ್ದರು ಅಂತ ಓದಿದ ದಿನ ಮಾತ್ರ ಏನೋ ಆಯ್ತು. ಹಾಡು ಅಷ್ಟು ಹಗುರ, ರಾತ್ರಿ ರಸ್ತೆಯ ದೀಪದ ಹಾಗೆ. ಹಾಡಿದವರಿಗೆ ನಾನು ಕೇಳ್ತೀನಿ ಅನ್ನೋದು ಗೊತ್ತೇ ಆಗಲಿಲ್ಲ.

ರೀಲು ಅಂಕಲ್ ಹೇಳೋ ತಪ್ಪು ಕೇಳಿಸಿಕೊಳ್ಳೋದು ನಮ್ಮಲ್ಲೂ ಇದೆ ಅನಿಸುತ್ತೆ. ನಿಮಗೆ ಬೇಸ್ ಕೇಳಿಸಲಿಲ್ಲ, ನಮಗೆ ಹಾಡಿನ ಸುತ್ತ ಇದ್ದದ್ದು ಯಾವುದೂ ಕೇಳಿಸಲ್ಲ. ಯಾವ ಆಲ್ಬಂ, ಅದರ ಮುಂಚೆ ಏನಿತ್ತು, ಆಗ ಯಾರಿಗೆ ಹಿಡಿಸಲಿಲ್ಲ, ಒಂದೂ ಗೊತ್ತಿಲ್ಲ. ಹದಿನೈದು ಸೆಕೆಂಡ್ ಸಿಗುತ್ತೆ, ಅದನ್ನೂ ಯಾರೋ ವೇಗ ಏರಿಸಿ ಹಾಕಿರ್ತಾರೆ. ಅದೂ ಸವೆತವೇ ಅಲ್ವಾ?

ಸವೆದ ರೀಲು

ಅಂಕಲ್ ಅಂದದ್ದಕ್ಕೆ ಎದೆ ಮುಟ್ಟಿ ನೋಡಿಕೊಂಡೆ, ಇರಲಿ ಕಣಮ್ಮ. ಆ ಕೊನೆಯ ಸಾಲು ನನಗೆ ಹೊಳೆದಿರಲಿಲ್ಲ. ವೇಗ ಏರಿಸಿದ ಹದಿನೈದು ಸೆಕೆಂಡ್! 45ರಲ್ಲಿ ತಿರುಗಿಸಿದ 33ರ ತಟ್ಟೆಯೇ ಅಲ್ಲವಾ ಅದು.

ಲೆಕ್ಕದವರ ಆಸ್ತಿಯ ಮಾತಿಗೆ ಬರ್ತೀನಿ. ಆಸ್ತಿ ಆಗಿದ್ದು ಈಗಲ್ಲ. ದ ವರ್ವ್ ತಂಡದ "ಬಿಟರ್ ಸ್ವೀಟ್ ಸಿಂಫನಿ" 1997ರದು. ಅದರ ಪಿಟೀಲು ಸಾಲು ಬಂದದ್ದು ಆಂಡ್ರ್ಯೂ ಓಲ್ಡ್‌ಹ್ಯಾಮ್ ವಾದ್ಯವೃಂದದ ಒಂದು ರೆಕಾರ್ಡಿನಿಂದ. ಆ ರೆಕಾರ್ಡು ರೋಲಿಂಗ್ ಸ್ಟೋನ್ಸ್‌ನ 1965ರ "ದ ಲಾಸ್ಟ್ ಟೈಮ್" ಹಾಡಿನ ವಾದ್ಯರೂಪ. ಆ ಪಿಟೀಲು ಸಾಲು ಸ್ಟೋನ್ಸ್ ಹಾಡಿನಲ್ಲಿ ಹುಡುಕಿದರೂ ಸಿಗಲ್ಲ, ವಾದ್ಯವೃಂದದವರು ಸೇರಿಸಿದ್ದು. ಆದರೂ ಹಕ್ಕೆಲ್ಲ ಹೋಗಿದ್ದು ಸ್ಟೋನ್ಸ್‌ನ ಜ್ಯಾಗರ್ ಮತ್ತು ರಿಚರ್ಡ್ಸ್ ಹೆಸರಿಗೆ. 2019ರಲ್ಲಿ ಅವರಾಗಿಯೇ ಬಿಟ್ಟುಕೊಡುವ ತನಕ 22 ವರ್ಷ ವರ್ವ್‌ನ ಗಾಯಕ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಆ ಹಾಡಿನಿಂದ ಬರಬೇಕಾದ್ದು ಬರಲಿಲ್ಲ. ಇನ್ನು ಸ್ಟೋನ್ಸ್ ಹಾಡಿನ ಪಲ್ಲವಿ ಎಲ್ಲಿಂದ ಬಂತು? ಸ್ಟೇಪಲ್ ಸಿಂಗರ್ಸ್ 1950ರ ದಶಕದಲ್ಲಿ ಹಾಡಿದ್ದ ಒಂದು ಭಕ್ತಿಗೀತೆಯಿಂದ. ಅವರಿಗೋ ಅದು ಚರ್ಚಿನ ಬಾಯಿಮಾತಿನಿಂದ ಬಂದ ಪದ.

ನಾಲ್ಕು ತಲೆಮಾರು ಕೈ ಬದಲಾದ ಒಂದು ಮಾತು. ಬೇಲಿ ಬಿದ್ದದ್ದು ಮಾತ್ರ ಸ್ಟೋನ್ಸ್ ಮನೆ ಮುಂದೆ.

ಮೊಂಡುಗತ್ತಿ

ಅದನ್ನೇ ಹಿಡ್ಕೊಂಡು ನಿಮ್ಮ ಮರೆವಿನ ವಾದವನ್ನ ಮುಗಿಸಿಬಿಡ್ತೀನಿ ತಾಳಿ.

ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್. 1970ರ "ಮೈ ಸ್ವೀಟ್ ಲಾರ್ಡ್". ದ ಶಿಫಾನ್ಸ್ ಅನ್ನೋ ಹುಡುಗಿಯರ ತಂಡ ಹಾಡಿ 1963ರಲ್ಲಿ ಹಿಟ್ ಆಗಿದ್ದ "ಹೀ ಈಸ್ ಸೋ ಫೈನ್" ಹಾಡಿನ ಧಾಟಿ ಅದರಲ್ಲಿದೆ ಅಂತ ದಾವೆ ಬಿತ್ತು. 1976ರಲ್ಲಿ ನ್ಯಾಯಾಧೀಶರು ಹೇಳಿದ್ದೇನು? ಹ್ಯಾರಿಸನ್ ಬೇಕೆಂದು ಕದ್ದದ್ದಲ್ಲ, ಗೊತ್ತಿಲ್ಲದೆ ಒಳಮನಸ್ಸಿನಿಂದ ಬಂದಿದೆ, ಆದರೂ ಹಕ್ಕಿನ ಉಲ್ಲಂಘನೆಯೇ. ಅಂದರೆ ಮರೆತಿದ್ದಕ್ಕೇ ದಂಡ! ನಿಮ್ಮ ಆ ಸುವರ್ಣ ಮರೆವಿನ ಕಾಲದಲ್ಲೇ ಮರೆವಿಗೆ ಬೆಲೆ ಕಟ್ಟಿಸಿಕೊಂಡಿದ್ದಾರೆ.

2015ರಲ್ಲಿ "ಬ್ಲರ್ಡ್ ಲೈನ್ಸ್" ಹಾಡಿನ ಮೇಲಿನ ತೀರ್ಪು ಬಂತು. ಮಾರ್ವಿನ್ ಗೇಯ 1977ರ ಹಾಡಿನ ಒಟ್ಟು ಗುಂಗು ಎತ್ತಿದ್ದಾರೆ ಅಂತ ಜ್ಯೂರಿ ವಿಧಿಸಿದ್ದು 70 ಲಕ್ಷ ಡಾಲರಿಗೂ ಮೇಲೆ, ಆಮೇಲೆ 53 ಲಕ್ಷಕ್ಕೆ ಇಳೀತು. ಅದರ ನಂತರ ಹೊಸಬರಿಗೆ ಭಯ ಹೊಕ್ಕಿದೆ. 2021ರಲ್ಲಿ ಒಲಿವಿಯಾ ರೊಡ್ರಿಗೋ ತನ್ನ "ಗುಡ್ ಫೋರ್ ಯೂ" ಹಾಡು ಬಂದು ಕೆಲವು ತಿಂಗಳಾದ ಮೇಲೆ ಪ್ಯಾರಾಮೋರ್ ತಂಡದ ಇಬ್ಬರ ಹೆಸರನ್ನ ಬರೆದವರ ಪಟ್ಟಿಗೆ ಸೇರಿಸಬೇಕಾಯ್ತು. 2023ರಲ್ಲಿ ಎಡ್ ಶೀರನ್ ಕೋರ್ಟಿನೊಳಗೇ ಗಿಟಾರ್ ಹಿಡಿದು, ಈ ನಾಲ್ಕು ಕಾರ್ಡ್ ಯಾರ ಮನೆ ಸ್ವತ್ತೂ ಅಲ್ಲ ಅಂತ ನುಡಿಸಿ ತೋರಿಸಿ ಗೆದ್ದ. ಒಬ್ಬ ಹಾಡುಗಾರ ಕಟಕಟೆಯಲ್ಲಿ ಕೂತು ಕಾರ್ಡ್ ನುಡಿಸೋ ಸ್ಥಿತಿ ನೋಡಿ.

ಹಾಗಾಗಿ ನಿಮ್ಮ ಎ ಮೈನರ್ ಟ್ಯೂನ್ ತಪ್ಪಾಗಿದ್ದೇ ಒಳ್ಳೇದಾಯ್ತು. ಸರಿಯಾಗಿ ಕೇಳಿಸಿಕೊಂಡಿದ್ದರೆ ವಕೀಲರು ಬರ್ತಿದ್ದರು.

ಹನ್ನೆರಡು ಬಿಟ್

ವಕೀಲರು ಯಾರ ಮನೆಗೆ ಬರಲ್ಲ ಅನ್ನೋದನ್ನೂ ನೋಡಬೇಕು ಗುರುವೇ.

1969ರಲ್ಲಿ ದ ವಿನ್‌ಸ್ಟನ್ಸ್ ಅನ್ನೋ ತಂಡ ಒಂದು ತಟ್ಟೆಯ ಹಿಂಬದಿಗೆ "ಆಮೆನ್, ಬ್ರದರ್" ಅಂತ ವಾದ್ಯದ ತುಣುಕು ಹಾಕಿತು. ಮಧ್ಯದಲ್ಲಿ ಎಲ್ಲ ವಾದ್ಯ ನಿಂತು ಡ್ರಮ್ ಒಂದೇ ನುಡಿಯುತ್ತೆ, ನಾಲ್ಕು ಆವರ್ತ, ಏಳು ಸೆಕೆಂಡ್. ನುಡಿಸಿದವನು ಗ್ರೆಗರಿ ಕೋಲ್ಮನ್. ಆ ಏಳು ಸೆಕೆಂಡ್ ಹಿಪ್‌ಹಾಪ್‌ಗೆ ಹೋಯ್ತು, ಇಂಗ್ಲೆಂಡಿಗೆ ಹೋಗಿ ವೇಗ ಏರಿಸಿಕೊಂಡು, ಚೂರುಚೂರಾಗಿ ಜೋಡಿಸಿಕೊಂಡು ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನೋ ಇಡೀ ಸಂಗೀತವೇ ಆಯ್ತು. ಸಾವಿರಾರು ಹಾಡುಗಳಲ್ಲಿದೆ. ಕೋಲ್ಮನ್‌ಗೆ ಅದರಿಂದ ಚಿಕ್ಕಾಸು ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ತಲೆ ಮೇಲೊಂದು ಸೂರೂ ಇರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24 ಸಾವಿರ ಪೌಂಡ್ ಕೊಟ್ಟರು. ಅದು ಗೌರವಧನವಲ್ಲ, ಚಂದಾ.

ನಾನೂ ಆ ತುಣುಕನ್ನ ಬಳಸಿದ್ದೀನಿ. ನಲವತ್ತು ಸಲವಾದರೂ ಕತ್ತರಿಸಿದ್ದೀನಿ. ಕೊನೆಯ ಆವರ್ತದಲ್ಲಿ ಕ್ರ್ಯಾಶ್ ಸಿಂಬಲ್ ಬೀಳೋ ಜಾಗ ನೋಡಿ, ಒಂದು ಕೂದಲೆಳೆ ಆ ಕಡೆ ಈ ಕಡೆ. ಕಂಪ್ಯೂಟರಿನ ತಾಳದ ಗೆರೆಗಳಿಗೆ, ಅಂದರೆ ಗ್ರಿಡ್‌ಗೆ, ಕೂರಿಸಿದರೆ ಸತ್ತುಹೋಗುತ್ತೆ. ಆ ಮನುಷ್ಯನ ಕೈ ಅಲ್ಲಿದೆ.

ಕರಿತಟ್ಟೆ

ಇದನ್ನ ಓದಿ ಸುಮ್ಮನ ಕುಂತೆ. ಆ ತಟ್ಟಿ ನನ್ನ ಹತ್ರ ಇಲ್ಲ, ಇದ್ದಿದ್ರ ಇವತ್ತ ಹಾಕತಿದ್ದೆ.

ಲೆಕ್ಕಪುಸ್ತಕ

ತನ್ನ ಹಳೇದನ್ನ ತಾನೇ ಕದ್ದವಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಟೇಲರ್ ಸ್ವಿಫ್ಟ್. ಮಾಸ್ಟರ್ ಟೇಪಿನ, ಅಂದರೆ ಮೂಲ ರೆಕಾರ್ಡಿಂಗಿನ, ಹಕ್ಕು ಬೇರೆಯವರ ಪಾಲಾದಾಗ 2021ರಿಂದ ಹಳೇ ಆಲ್ಬಂಗಳನ್ನೇ ಮತ್ತೆ ಹಾಡಿದಳು. 2008ರ ಆಲ್ಬಮ್ಮನ್ನ 31ನೇ ವಯಸ್ಸಿನಲ್ಲಿ, ಉಸಿರು ಎಳೆಯೋ ಜಾಗವೂ ಬದಲಾಗದ ಹಾಗೆ. 2025ರಲ್ಲಿ ಮೂಲ ಟೇಪುಗಳನ್ನೂ ಕೊಂಡುಕೊಂಡಳು. ವ್ಯವಹಾರ ಅಂದರೆ ಅದು.

ಇನ್ನೂ ಹತ್ತೊಂಬತ್ತು

ಎರಡನ್ನೂ ಕೇಳಿದ್ದೀನಿ. ಹೊಸದರಲ್ಲಿ ದನಿ ಚೆನ್ನಾಗಿದೆ. ಆದರೆ ಹದಿನೆಂಟರ ಹುಡುಗಿ ಅಳೋ ಹಾಡನ್ನ ಗೆದ್ದವಳು ಹಾಡಿದ ಹಾಗಿದೆ. ಅವಳ ತಪ್ಪಲ್ಲ, ಆದರೂ.

ಫೆರಿಕ್

ತಡವಾಗಿ ಬಂದೆ, ಕೆಲಸದಲ್ಲಿದ್ದೆ. ನನ್ನ ಕೆಲಸ ಹಳೇ ಟೇಪುಗಳಿಂದ ದನಿ ತೆಗೆದು ಡಿಜಿಟಲ್‌ಗೆ ಇಳಿಸೋದು. ಅದಕ್ಕೇ ರೀಲು ಅವರ "ಹಿಂದಿನದೆಲ್ಲ ಇದ್ದದ್ದು ಇದ್ದ ಹಾಗೇ ಸಿಗುತ್ತೆ" ಅನ್ನೋ ಸಾಲಿಗೆ ನಗು ಬಂತು. ಎಲ್ಲಿ ಸಿಗುತ್ತೆ ಸಾರ್?

ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಮಾಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನ ಪಟ್ಟಿಗೆ ಹಿಡಿದಿಡೋ ಅಂಟು ಗಾಳಿಯ ತೇವ ಕುಡಿದು ಕೊಳೆತಿದೆ. ಯಂತ್ರಕ್ಕೆ ಹಾಕಿದರೆ ಕಿರ್ರ್ ಅಂತ ಕಿರುಚಿ, ಟೇಪು ಓದೋ ಹೆಡ್ ಮೇಲೆ ಕಂದು ಬಣ್ಣದ ಜಿಗುಟು ಬಿಟ್ಟು ನಿಂತೇಬಿಡುತ್ತೆ. ಆ ಜಿಗುಟು ಬರೀ ಕೊಳೆಯಲ್ಲ, ಅದೇ ಹಾಡು. ನಾವು ಏನು ಮಾಡ್ತೀವಿ ಅಂದರೆ ಟೇಪನ್ನ ಬೇಯಿಸ್ತೀವಿ. ತಮಾಷೆಯಲ್ಲ. ಹಣ್ಣು ಒಣಗಿಸುವ ಯಂತ್ರದಂಥದ್ದರಲ್ಲಿ 50-55 ಡಿಗ್ರಿ ಶಾಖ, ಎಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು, ಮಧ್ಯೆ ಮಗುಚಿ ಇಡೋದು. ತೇವ ಆರಿದರೆ ಕೆಲವು ವಾರ ಟೇಪು ಸರಿಯಾಗಿ ಓಡುತ್ತೆ. ಅಷ್ಟರಲ್ಲಿ ನಕಲು ಇಳಿಸಿಕೊಂಡರೆ ಸರಿ, ಆಮೇಲೆ ಮತ್ತೆ ಜಿಗುಟು. ಒಲೆ ಮುಂದೆ ಕೂತು ಹಳೇ ಹಾಡು ಕಾಯೋ ಕೆಲಸ ನಂದು.

ಇನ್ನು 2008ರ ಜೂನ್‌ನಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣಕ್ಕೆ ಬೆಂಕಿ ಬಿತ್ತು. ಅಲ್ಲಿ ಮಾಸ್ಟರ್ ಟೇಪುಗಳ ಉಗ್ರಾಣವಿತ್ತು ಅನ್ನೋ ಸಂಗತಿ ಜನರಿಗೆ ಸರಿಯಾಗಿ ತಿಳಿದದ್ದು 2019ರಲ್ಲಿ. ಎಷ್ಟು ಸುಟ್ಟವು ಅನ್ನೋದರ ಮೇಲೆ ಕಂಪನಿಗೂ ಪತ್ರಿಕೆಯವರಿಗೂ ಜಗಳವೇ ಆಯ್ತು. ನಿಮಗೆ ಫೋನಿನಲ್ಲಿ ಸಿಗೋದು ಹಳೇದರ ಒಂದು ನಕಲು, ಯಾರೋ ಒಬ್ಬರು ಯಾವುದೋ ದಿನ ಹೀಗಿರಲಿ ಅಂತ ತೀರ್ಮಾನಿಸಿದ ನಕಲು. ರಾಮಾಯಣದ ಕವಿಗಳ ಭಾರಕ್ಕೆ ಫಣಿರಾಯ ತಿಣುಕಿದ ಅಂತಾರೆ, ಈಗಿನ ಸರ್ವರುಗಳೂ ಹಾಗೇ ತಿಣುಕುತ್ತಿರಬಹುದು, ಆದರೆ ಅದರ ಮೇಲಿರೋ ಭಾರದಲ್ಲಿ ಮೂಲ ಎಷ್ಟು ಅಂತ ಕೇಳಬೇಡಿ.

ಬೀಟಲ್ಸ್‌ನ "ನೌ ಅಂಡ್ ದೆನ್" ಉದಾಹರಣೆಗೆ. ಲೆನನ್ ಎಪ್ಪತ್ತರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೋ ನುಡಿಸಿಕೊಂಡು ಕ್ಯಾಸೆಟ್‌ಗೆ ಹಾಡಿದ್ದು. ಉಳಿದ ಮೂವರು 1995ರಲ್ಲಿ ಅದನ್ನ ಪೂರ್ತಿ ಮಾಡೋಕೆ ಹೋಗಿ ಕೈಬಿಟ್ಟರು. ಪಿಯಾನೋ ದನಿಯೊಳಗೆ ಗಂಟಲು ಹೂತುಹೋಗಿತ್ತು, ಜೊತೆಗೆ ಕರೆಂಟಿನ ಗುಂಯ್‌ಗುಟ್ಟುವಿಕೆ. ಕಂಪ್ಯೂಟರಿಗೆ ಕಲಿಸಿ ಗಂಟಲನ್ನೂ ಪಿಯಾನೋವನ್ನೂ ಬೇರ್ಪಡಿಸಿದ್ದು ಮೊನ್ನೆಮೊನ್ನೆ. 2023ರ ನವೆಂಬರಿನಲ್ಲಿ ಹಾಡು ಬಂತು, ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರೂ ಅದರಲ್ಲಿದೆ, ಆತ ತೀರಿ ಹೆಚ್ಚುಕಮ್ಮಿ 22 ವರ್ಷವಾಗಿತ್ತು. ಆ ಲೆನನ್ ದನಿ ಹಳೇದೋ ಹೊಸದೋ? ಅಷ್ಟು ಚೊಕ್ಕಟವಾಗಿ ಆ ದನಿ ಆ ಕೋಣೆಯಲ್ಲಿ ಯಾವತ್ತೂ ಯಾರಿಗೂ ಕೇಳಿಸಿರಲಿಲ್ಲ, ಪಿಯಾನೋ ಜೊತೆಗೇ ಇತ್ತಲ್ಲ.

ಇನ್ನೊಂದು. ರೀಲು ಅವರೇ, ಆಗ ನೀವು ಆ ಕ್ಯಾಸೆಟ್ ಕೇಳ್ತಿದ್ದದ್ದು ಯಾವುದರಲ್ಲಿ?

ಸವೆದ ರೀಲು

ಹಿಡಿಕೆ ಇರೋ ಸಣ್ಣ ಟೇಪ್ ರೆಕಾರ್ಡರ್. ಒಂದೇ ಸ್ಪೀಕರ್, ಅಂಗೈಯಷ್ಟು. ಯಾಕೆ ಮೇಡಂ?

ಫೆರಿಕ್

ಅದಕ್ಕೇ ಕೇಳಿದೆ. ಬೇಸ್ ಗಿಟಾರಿನ ತಳದ ಎಫ್ ಸುಮಾರು 44 ಹರ್ಟ್ಜ್. ಅಂಗೈಯಷ್ಟು ಸ್ಪೀಕರ್ 150ರ ಕೆಳಗೆ ಬಾಯಿ ಬಿಡೋದೇ ಕಷ್ಟ. ಅದರ ಮೇಲಿನ ಸ್ವರಾಂಶಗಳಿಂದ ಕಿವಿ ಎಫ್ ಅನ್ನ ಊಹಿಸಿಕೊಳ್ಳಬಹುದಿತ್ತು, ಆದರೆ ಗಿಟಾರು ಅದೇ ಜಾಗದಲ್ಲಿ ಗೀರ್ತಿದ್ದರೆ ಮುಚ್ಚಿಹೋಗುತ್ತೆ. ನಿಮ್ಮ ಟೇಪು ಸವೆದಿರಲಿಲ್ಲ ಸಾರ್. ಎಫ್ ಮೊದಲ ದಿನದಿಂದಲೂ ಅದರಲ್ಲಿ ಇದ್ದಿರಬೇಕು.

ಕ್ಯಾಸೆಟ್ ಇನ್ನೂ ಇದೆಯಾ?

ಮೊಂಡುಗತ್ತಿ

ಅಯ್ಯೋ. ಇಡೀ ಚರ್ಚೆ ನಿಂತಿದ್ದೇ ಸವೆತದ ಮೇಲೆ!

ಸವೆದ ರೀಲು

ಇದೆ. ಹುಡುಕಿ ತೆಗೆದೆ. ಒಳಗಿನ ಸ್ಪಂಜು ಪುಡಿಯಾಗಿದೆ, ಹೊದಿಕೆಯ ಮೇಲೆ ನನ್ನ ಕೈಬರಹದಲ್ಲೇ "ಪಲ್ಲವಿ 3 ಎ ಮೈ" ಅಂತಿದೆ. ಹಾಕಿ ನೋಡಲಾ?

ಫೆರಿಕ್

ಬೇಡ! ಸ್ಪಂಜು ಹೋಗಿದ್ದರೆ ಟೇಪು ಹೆಡ್‌ಗೆ ಒತ್ತಿ ಕೂರಲ್ಲ, ಇರೋದೂ ಸರಿಯಾಗಿ ಕೇಳಲ್ಲ. ರೀಲುಗಳನ್ನ ತೆಗೆದು ಬೇರೆ ಒಳ್ಳೇ ಕ್ಯಾಸೆಟ್ಟಿನ ಪೆಟ್ಟಿಗೆಗೆ ಹಾಕಿಸಿ, ಸ್ಕ್ರೂ ಇರೋ ಪೆಟ್ಟಿಗೆ ಆದರೆ ಸುಲಭ. ಮುಂಚೆ ಹೆಡ್‌ ಒರೆಸಿಕೊಳ್ಳಿ. ಆಮೇಲೆ ಲೈನ್ ಔಟ್ ಕಿಂಡಿಗೆ ತಂತಿ ಸಿಕ್ಕಿಸಿ ನೇರ ಇಳಿಸಿ, ಸ್ಪೀಕರ್ ಮುಂದೆ ಫೋನ್ ಹಿಡಿಯೋ ಕೆಲಸ ಮಾತ್ರ ಮಾಡಬೇಡಿ.

ಸವೆದ ರೀಲು

ನಾಲ್ಕು ದಿನ ಆಯ್ತು, ಕ್ಷಮಿಸಿ. ಮೇಡಂ ಹೇಳಿದ ಹಾಗೇ ಮಾಡಿದೆ, ಒಂದು ಸ್ಕ್ರೂ ಕಳೆದುಹೋಯ್ತು. ಪಲ್ಲವಿಯ ಹನ್ನೊಂದು ಸೆಕೆಂಡ್ ಕೆಳಗೆ ಹಾಕಿದ್ದೀನಿ. ಹೆಸರು ಗೊತ್ತಾದವರು ದಯವಿಟ್ಟು ಸುಮ್ಮನಿರಿ.

ಹನ್ನೆರಡು ಬಿಟ್

ಕೇಳಿದೆ. ಮೂರನೇ ಕಾರ್ಡ್‌ನಲ್ಲಿ ಎಫ್ ಇದೆ ಸಾರ್. ಸಣ್ಣಗಿದೆ, ಆದರೆ ಇದೆ. ದನಿಯ ಕಂಪನಗಳನ್ನ ಬಿಡಿಸಿ ತೋರಿಸೋ ಸ್ಪೆಕ್ಟ್ರಮ್ ಚಿತ್ರದಲ್ಲೂ ನೋಡಿದೆ, 44ರ ಪಕ್ಕ ಗುಡ್ಡದ ಹಾಗೆ ಎದ್ದಿದೆ.

ಇನ್ನೂ ಹತ್ತೊಂಬತ್ತು

ನನಗೂ ಎಫ್ ಕೇಳಿಸ್ತು. ಆದರೆ ಅಂಕಲ್, ನಿಮ್ಮ ಸ್ವಂತ ಟ್ಯೂನ್ ಹಾಕ್ತೀರಾ? ಅದನ್ನ ಕೇಳಬೇಕು.

ಸವೆದ ರೀಲು

ಹಾಕ್ತೀನಿ, ಕೀಬೋರ್ಡಿನ ಮೇಲಿನ ಬಟ್ಟೆ ತೆಗೀಬೇಕು. ಆ ತುಣುಕನ್ನ ಇಪ್ಪತ್ತು ಸಲ ಹಾಕಿಕೊಂಡು ಕೂತಿದ್ದೀನಿ, ಒಳ್ಳೇ ಹೆಡ್‌ಫೋನ್‌ನಲ್ಲೇ. ನೀವೆಲ್ಲ ಇದೆ ಅಂತಿದ್ದೀರಿ, ಸ್ಪೆಕ್ಟ್ರಮ್ಮೂ ಇದೆ ಅಂತಿದೆ. ನನಗೆ ಇನ್ನೂ ಎ ಮೈನರ್ರೇ ಕೇಳಿಸ್ತಿದೆ.